ಬೆಂಗಳೂರು ದಂಡಿನಲ್ಲಿ ವಿದ್ಯುತ್ಪ್ರವಾಹದ ಶುದ್ಧಾಶುದ್ಧ ವಿಚಾರ

೧

ಬೆಂಗಳೂರಿಗೆ ವಿದ್ಯುಚ್ಛಕ್ತಿಯು ಬಂದ ಚರಿತ್ರೆಯನ್ನು ಬರೆದವರು ಅನೇಕರಿದ್ದಾರೆ. ಯಾವ ವರ್ಷದಲ್ಲಿ ದೀಪಗಳು ಹತ್ತಿದುವು, ಶಿವನಸಮುದ್ರದಲ್ಲಿ ಎಷ್ಟು ಯಂತ್ರಗಳನ್ನು ನಿಲ್ಲಿಸಿದರು, ಅವುಗಳಿಂದ ಎಷ್ಟು ಕಿಲೋವಾಟ್ ಶಕ್ತಿಯು ದೊರೆಯಿತು ಎಂಬ ಸಂಗತಿಗಳು ಆ ಬರಹಗಳಲ್ಲಿ ದೊರೆಯುವುವು. ಇವೆಲ್ಲವೂ ಶಕ್ತಿಯ ಪರಿಮಾಣಕ್ಕೆ ಸೇರಿದ ಮಾತುಗಳು. ಹೀಗೆ ಬಂದ ಶಕ್ತಿಯ ಗುಣವೆಂತಹುದು, ಅದು ಬಳಕೆದಾರನ ಬಾಗಿಲಿಗೆ ಶುದ್ಧವಾಗಿ ಬಂದಿತೆ, ಬಂದ ಮೇಲೆ ಶುದ್ಧವಾಗಿ ಉಳಿಯಿತೆ, ಕೆಟ್ಟಿದ್ದರೆ ಅದಕ್ಕೆ ಹೊಣೆ ಯಾರದು ಎಂಬ ವಿಚಾರಗಳಿಗೆ ಸಾಮಾನ್ಯವಾಗಿ ಅಷ್ಟು ಗಮನವು ಸಂದಿಲ್ಲ. ಊರಿನ ನೀರಿನ ಸರಬರಾಯಿಯ ಚರಿತ್ರೆಯನ್ನು ಹೇಳುವವನು ಗ್ಯಾಲನ್ನುಗಳ ಲೆಕ್ಕವನ್ನು ಒಪ್ಪಿಸಿ, ಆ ನೀರು ಕುಡಿಯಲು ಯೋಗ್ಯವಾಗಿತ್ತೆ ಎಂಬುದನ್ನು ಹೇಳದೆ ಬಿಟ್ಟರೆ ಚರಿತ್ರೆಯು ಅರ್ಧವಾಗುವುದಷ್ಟೆ.

ಪ್ರಕೃತ ಲೇಖನದಲ್ಲಿ ಈ ಎರಡನೆಯ ಅರ್ಧವನ್ನು ಬೆಂಗಳೂರು ದಂಡಿನ ಪ್ರದೇಶವನ್ನು, ಅದರಲ್ಲಿಯೂ ಹಿಂದೆ ಫ್ರೇಸರ್ ಟೌನ್ ಎನಿಸಿಕೊಂಡಿದ್ದು ಈಗ ಪುಲಿಕೇಶಿನಗರವೆಂಬ ಹೆಸರನ್ನು ತಳೆದಿರುವ ಬಡಾವಣೆಯನ್ನು ಮುಂದಿಟ್ಟುಕೊಂಡು ವಿಚಾರಿಸಲು ಉದ್ದೇಶಿಸಿದೆ. ಇಲ್ಲಿ ಪ್ರತಿಪಾದಿಸಬೇಕೆಂದಿರುವ ವಿಷಯವು ಒಂದೇ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ವಿದ್ಯುತ್ತಿನ ಶುದ್ಧಿಯನ್ನು ಕಾಪಾಡುವ ಭಾರವು ಪ್ರಧಾನವಾಗಿ ಅದನ್ನು ಹುಟ್ಟಿಸುವವರ ಮೇಲೆ ಇದ್ದಿತು. ಶತಮಾನವು ಮುಗಿಯುವ ಹೊತ್ತಿಗೆ ಅದನ್ನು ಕೆಡಿಸುವವರಲ್ಲಿ ಬಳಸುವವರೇ, ಮುಖ್ಯವಾಗಿ ದೊಡ್ಡ ವಾಣಿಜ್ಯ ಕಟ್ಟಡಗಳವರೇ, ಮೊದಲಿಗರಾದರು. ಹೊಣೆಯು ಹೀಗೆ ಕೈ ಬದಲಾಯಿಸಿದುದನ್ನು ನಮ್ಮ ಕಟ್ಟಡಗಳ ಯಜಮಾನರು ಇನ್ನೂ ಸಂಪೂರ್ಣವಾಗಿ ಮನಗಂಡಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ.

೨

ಮೊದಲು ಶುದ್ಧವಾದ ಪ್ರವಾಹವೆಂದರೇನೆಂಬುದನ್ನು ತಿಳಿಯಬೇಕು. ನಮ್ಮ ಮನೆಗಳಿಗೆ ಬರುವ ಪರ್ಯಾಯ ಪ್ರವಾಹವು ಒಂದೇ ದಿಕ್ಕಿನಲ್ಲಿ ಹರಿಯದೆ ಹಿಂದಕ್ಕೂ ಮುಂದಕ್ಕೂ ತೂಗುತ್ತಿರುವುದು. ಈ ತೂಗಾಟವು ಈಗ ಭಾರತದಲ್ಲಿ ಸೆಕೆಂಡಿಗೆ ೫೦ ಆವರ್ತಗಳು. ಇದನ್ನು ಕಾಗದದ ಮೇಲೆ ರೇಖೆಯಾಗಿ ಎಳೆದರೆ, ಏರಿಳಿತಗಳು ನಯವಾಗಿರುವ ಅಲೆಯೊಂದು ಕಾಣುವುದು; ಗಣಿತಜ್ಞರು ಇದನ್ನು ಸೈನ್ ತರಂಗವೆನ್ನುವರು. ಅಲೆಯ ನೆತ್ತಿಯು ಚಪ್ಪಟೆಯಾದರೆ ಅಥವಾ ಮುಳ್ಳಿನಂತೆ ಮೊನಚಾದರೆ, ಇಲ್ಲವೆ ಮಗ್ಗುಲಿನಲ್ಲಿ ಹಲ್ಲುಗಳು ಮೂಡಿದರೆ, ಪ್ರವಾಹವು ವಿಕೃತವಾಯಿತೆಂದು ಅರ್ಥ.

ಫ್ರಾನ್ಸ್ ದೇಶದ ಗಣಿತಜ್ಞನಾದ ಫೂರಿಯೇ ಎಂಬಾತನು ಉಷ್ಣದ ಸಂಚಾರವನ್ನು ಕುರಿತು ೧೮೨೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮತ್ತೆ ಮತ್ತೆ ಮರಳುವ ತರಂಗವು ಎಷ್ಟೇ ಸೊಟ್ಟಗಿದ್ದರೂ ಅದನ್ನು ಒಂದು ಮೂಲತರಂಗ ಮತ್ತು ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದಲ್ಲಿ ತೂಗುವ ತರಂಗಗಳ ಮೊತ್ತವನ್ನಾಗಿ ಬಿಡಿಸಬಹುದೆಂಬ ವಿಧಾನವನ್ನು ವಿವರಿಸಿದನು. ಹೀಗೆ ಮೂಲದ ಬೆನ್ನಿಗೆ ಬರುವ ತರಂಗಗಳನ್ನು ವಿದ್ಯುಚ್ಛಾಸ್ತ್ರದಲ್ಲಿ ಹಾರ್ಮೋನಿಕ್ ಎಂದು ಕರೆಯುವರು. ಈ ಲೇಖನದಲ್ಲಿ ಅವುಗಳನ್ನು ಉಪತರಂಗಗಳೆಂದು ಕರೆಯಲಾಗಿದೆ. ಐವತ್ತು ಆವರ್ತಗಳ ಮೂಲಕ್ಕೆ ಮೂರನೆಯ ಉಪತರಂಗವು ೧೫೦, ಐದನೆಯದು ೨೫೦, ಏಳನೆಯದು ೩೫೦ ಆವರ್ತಗಳದಾಗಿರುವುದು. ತರಂಗದ ಮೇಲರ್ಧವೂ ಕೆಳಅರ್ಧವೂ ಒಂದೇ ಬಗೆಯಾಗಿರುವಾಗ ಸಮಸಂಖ್ಯೆಯ ಉಪತರಂಗಗಳು ಹುಟ್ಟುವುದಿಲ್ಲ. ಆದುದರಿಂದ ಕಟ್ಟಡಗಳಲ್ಲಿ ಪೀಡಿಸುವಂತಹವು ಬಹುಮಟ್ಟಿಗೆ ಬೆಸಸಂಖ್ಯೆಯವೇ.

ಸಂಗೀತವನ್ನು ಬಲ್ಲವರಿಗೆ ಇದು ಹೊಸತಲ್ಲ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಮಂದ್ರಷಡ್ಜದ ತಂತಿಯನ್ನು ಮೀಟಿದಾಗ, ಯಾರೂ ಮೀಟದ ಅಂತರಗಾಂಧಾರವು ತಾನಾಗಿ ಕೇಳಿಬರುವುದು. ಇದನ್ನು ಸ್ವಯಂಭೂ ಗಾಂಧಾರವೆನ್ನುವರು. ಅದು ಆ ತಂತಿಯ ಐದನೆಯ ಉಪತರಂಗವಲ್ಲದೆ ಬೇರೆಯಲ್ಲ. ಆದರೆ ತಂಬೂರಿಯಲ್ಲಿ ನಾದಕ್ಕೆ ತುಂಬುತನವನ್ನು ಕೊಡುವ ಈ ಐದನೆಯದೇ ವಿದ್ಯುತ್ತಿನ ತಂತಿಯಲ್ಲಿ ಮೋಟಾರನ್ನು ಹಿಂದಕ್ಕೆ ತಿರುಗಿಸಲು ಹವಣಿಸುವ ಶತ್ರುವಾಗಿ ಪರಿಣಮಿಸುವುದು.

೩

ಇನ್ನು ಚರಿತ್ರೆಗೆ ಬರೋಣ. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ ಮೈಸೂರು ಸರ್ಕಾರದ ಇಂಜಿನಿಯರರಾಗಿದ್ದ ಜೋಲಿ ಡಿ ಲೋಟ್ಬಿನಿಯೇರ್ ಅವರ ಯೋಜನೆಯಂತೆ ಕಾವೇರಿಯ ಜಲಪಾತದ ಬಳಿ ಸ್ಥಾಪಿತವಾದ ಶಿವನಸಮುದ್ರದ ವಿದ್ಯುದಾಗಾರವು, ೧೯೦೨ನೆಯ ಇಸವಿಯ ಜೂನ್ ತಿಂಗಳ ಕೊನೆಯಲ್ಲಿ ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಕಳುಹಿಸಿತು. ಜಲಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪೆನಿಯವು. ವಿದ್ಯುದ್ಯಂತ್ರಗಳು ಅಮೆರಿಕೆಯ ಜನರಲ್ ಎಲೆಕ್ಟ್ರಿಕ್ ಕಂಪೆನಿಯವು. ಮೊದಲು ನಿಲ್ಲಿಸಿದ ಯಂತ್ರಗಳು ಆರು. ಒಂದೊಂದರ ಸಾಮರ್ಥ್ಯವು ೭೨೦ ಕಿಲೋವಾಟ್. ಪ್ರವಾಹವು ಸೆಕೆಂಡಿಗೆ ೨೫ ಆವರ್ತಗಳದಾಗಿದ್ದಿತು. ಅಮೆರಿಕೆಯ ನಯಾಗರಾ ಜಲಪಾತದಲ್ಲಿ ೧೮೯೫ರಲ್ಲಿ ಸ್ಥಾಪಿತವಾದ ವಿದ್ಯುದಾಗಾರದಲ್ಲಿಯೂ ಇದೇ ಸಂಖ್ಯೆಯಿದ್ದಿತು. ಮುಂದೆ ಭಾರತದಲ್ಲಿ ೫೦ ಆವರ್ತಗಳ ಪದ್ಧತಿಯು ರೂಢಿಯಾದ ಮೇಲೆ ಶಿವನಸಮುದ್ರವೂ ಆ ಪದ್ಧತಿಗೆ ಮಾರ್ಪಟ್ಟಿತು.

ಬೆಂಗಳೂರು ನಗರದಲ್ಲಿ ವಿದ್ಯುದ್ದೀಪಗಳು ಬೆಳಗಿದುದು ೧೯೦೫ನೆಯ ಇಸವಿ ಆಗಸ್ಟ್ ೫ರಂದು. ಏಷ್ಯಾಖಂಡದಲ್ಲಿಯೇ ವಿದ್ಯುದ್ದೀಪವನ್ನು ಕಂಡ ಮೊದಲನೆಯ ನಗರವು ಬೆಂಗಳೂರೆಂದು ಆಗಾಗ ಹೇಳುವುದುಂಟು. ಇದು ಅಭಿಮಾನದ ಮಾತೇ ಹೊರತು ಚರಿತ್ರೆಯಲ್ಲ. ಹಾಂಗ್‌ಕಾಂಗಿನಲ್ಲಿ ೧೮೯೦ರಲ್ಲಿಯೇ, ಕಲ್ಕತ್ತೆಯಲ್ಲಿ ೧೮೯೯ರಲ್ಲಿಯೇ ವಿದ್ಯುತ್ ಸರಬರಾಯಿಯು ಪ್ರಾರಂಭವಾಗಿದ್ದಿತು. ಬೆಂಗಳೂರಿನ ನಿಜವಾದ ವೈಶಿಷ್ಟ್ಯವೆಂದರೆ ಅದಕ್ಕೆ ಬಂದ ಶಕ್ತಿಯು ಊರೊಳಗಿನ ಹೊಗೆಯ ಯಂತ್ರದಿಂದಲ್ಲದೆ ದೂರದ ನದಿಯಿಂದ ಬಂದುದು.

ಆ ಕಾಲದ ಬಳಕೆಯು ಎಂತಹುದಾಗಿತ್ತೆಂಬುದನ್ನು ಗಮನಿಸಬೇಕು. ಕಾದು ಬೆಳಗುವ ತಂತಿಯ ದೀಪವೂ ಇಂಡಕ್ಷನ್ ಮೋಟಾರೂ ಅದರ ಮುಖ್ಯ ಅಂಗಗಳು. ಇವು ತಮಗೆ ಕೊಟ್ಟ ಒತ್ತಡದ ಅಲೆಯು ಹೇಗಿದೆಯೋ ಬಹುಮಟ್ಟಿಗೆ ಹಾಗೆಯೇ ಪ್ರವಾಹವನ್ನು ಸೆಳೆದುಕೊಳ್ಳುವ ಸಾಧುಸ್ವಭಾವದವು. ತರಂಗವು ಕೆಟ್ಟರೆ ಅದಕ್ಕೆ ಕಾರಣವು ಹೆಚ್ಚಾಗಿ ಜನರೇಟರಿನ ರಚನೆಯಲ್ಲಿಯೋ ಟ್ರಾನ್ಸ್‌ಫಾರ್ಮರಿನ ಕಬ್ಬಿಣದಲ್ಲಿಯೋ ಇರುತ್ತಿದ್ದಿತು. ೧೮೯೩ರ ಸುಮಾರಿನಲ್ಲಿ ಅಮೆರಿಕೆಯ ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ ಮೋಟಾರೊಂದು ಅಕಾರಣವಾಗಿ ಕಾಯತೊಡಗಲು, ಜನರೇಟರಿನ ತರಂಗದಲ್ಲಿದ್ದ ಉಪತರಂಗಗಳು ತಂತಿಮಾರ್ಗದಲ್ಲಿ ಅನುರಣನಗೊಂಡು ಬಲಿತುದೇ ಕಾರಣವೆಂದು ಸ್ಟೈನ್‌ಮೆಟ್ಸ್ ಎಂಬ ವಿದ್ವಾಂಸನು ಕಂಡುಹಿಡಿದನು. ಶಿವನಸಮುದ್ರಕ್ಕೆ ಯಂತ್ರಗಳನ್ನು ಒದಗಿಸಿದ ಜನರಲ್ ಎಲೆಕ್ಟ್ರಿಕ್ ಕಂಪೆನಿಯಲ್ಲಿಯೇ ಆತನು ಮುಂದೆ ಕೀರ್ತಿವಂತನಾದನು. ಜನರೇಟರಿನ ಸುರುಳಿಗಳನ್ನು ಹಂಚಿ ಸುತ್ತುವುದು, ಟ್ರಾನ್ಸ್‌ಫಾರ್ಮರಿನ ಒಂದು ಪಕ್ಕವನ್ನು ತ್ರಿಕೋಣಾಕಾರವಾಗಿ ಜೋಡಿಸಿ ಮೂರನೆಯ ಉಪತರಂಗವನ್ನು ಅಲ್ಲಿಯೇ ಸುತ್ತುವಂತೆ ಕಟ್ಟಿಹಾಕುವುದು ಮೊದಲಾದ ಉಪಾಯಗಳು ಆಗ ರೂಢಿಗೆ ಬಂದುವು. ಇವೆಲ್ಲವೂ ಸರಬರಾಯಿ ಮಾಡುವವರು ಕೈಕೊಳ್ಳತಕ್ಕ ಉಪಾಯಗಳೆಂಬುದನ್ನು ನೆನಪಿನಲ್ಲಿಡಬೇಕು. ದೀಪವನ್ನು ಹೊತ್ತಿಸುವ ಗೃಹಸ್ಥನು ಮಾಡಬೇಕಾದುದು ಏನೂ ಇರಲಿಲ್ಲ.

ಈ ವಿದ್ಯೆಯನ್ನು ಕಲಿಸುವ ಏರ್ಪಾಡು ಬೆಂಗಳೂರಿಗೆ ಬೇಗನೆ ಬಂದಿತು. ೧೯೦೯ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೧೧ರಿಂದ ಪಾಠವು ಪ್ರಾರಂಭವಾದಾಗ, ಮೊದಲನೆಯ ಕೆಲವೇ ವಿಭಾಗಗಳಲ್ಲಿ ವಿದ್ಯುತ್ ತಂತ್ರಶಾಸ್ತ್ರವೂ ಒಂದಾಗಿದ್ದಿತು. ಅದರ ಪ್ರಥಮ ಪ್ರಾಧ್ಯಾಪಕರಾದ ಆಲ್ಫ್ರೆಡ್ ಹೇ ಅವರು ಪರ್ಯಾಯ ಪ್ರವಾಹವನ್ನು ಕುರಿತು ಗ್ರಂಥವನ್ನು ಬರೆದವರು.

೪

ಇದೇ ಕಾಲದಲ್ಲಿ ದಂಡಿನ ಪ್ರದೇಶದಲ್ಲಿ ಮತ್ತೊಂದು ಬಗೆಯ ಶುದ್ಧಿಯ ವಿಚಾರವು ನಡೆಯುತ್ತಿದ್ದಿತು. ೧೮೯೮ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಪೇಟೆಯಲ್ಲಿಯೂ ದಂಡಿನಲ್ಲಿಯೂ ಬಹು ಜನರನ್ನು ಬಲಿತೆಗೆದುಕೊಂಡಿತು. ಪೇಟೆಯ ಕಡೆಯಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಬೆಳೆದಂತೆ, ಬ್ರಿಟಿಷ್ ರೆಸಿಡೆಂಟರ ಆಡಳಿತಕ್ಕೆ ಒಳಪಟ್ಟಿದ್ದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನಲ್ಲಿ ಇಕ್ಕಟ್ಟಾದ ಕೇರಿಗಳಿಂದ ಜನರನ್ನು ಹೊರತರುವುದಕ್ಕಾಗಿ ಹೊಸ ಬಡಾವಣೆಯೊಂದು ಹುಟ್ಟಿತು. ಆಗಿನ ರೆಸಿಡೆಂಟರಾದ ಸ್ಟುವರ್ಟ್ ಫ್ರೇಸರ್ ಅವರ ಹೆಸರನ್ನು ಅದಕ್ಕೆ ಇಟ್ಟರು. ದಂಡಿನಲ್ಲಿ ನಡೆದ ಈ ಬಗೆಯ ನಗರರಚನೆಯನ್ನು ಕುರಿತು ಇಂಜಿನಿಯರರಾದ ಜೆ. ಎಚ್. ಸ್ಟೀಫನ್ಸ್ ಎಂಬವರು ೧೯೧೪ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು.

ಪ್ಲೇಗನ್ನು ತಡೆಯುವ ನಗರರಚನೆಯ ತತ್ತ್ವವು ಸರಳವಾದುದು. ಮನೆಮನೆಗಳ ನಡುವೆ ತೆರವು, ಗಾಳಿಬೆಳಕು, ಇಲಿಗಳು ಬಿಲತೋಡಲಾಗದ ತಳಪಾಯ, ಕಸವೂ ಕೊಳೆನೀರೂ ನಿಲ್ಲದ ಹಾದಿ, ಇವಿಷ್ಟೂ ಇರಬೇಕು. ಒಂದು ಮನೆಯವನ ಉದಾಸೀನದಿಂದ ನೆರೆಮನೆಗೆ ರೋಗವು ಹೋಗಬಾರದು. ಆದುದರಿಂದ ಮನೆಯ ಒಳಗಿನ ಏರ್ಪಾಡು ಕೂಡ ಕೇವಲ ಯಜಮಾನನ ಸ್ವಂತ ವಿಷಯವಲ್ಲ, ಊರಿನ ವಿಷಯ. ಈ ತತ್ತ್ವಕ್ಕೂ ವಿದ್ಯುತ್ತಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಆ ಕಾಲದಲ್ಲಿ ಸಂಬಂಧವೇನೂ ಇರಲಿಲ್ಲವೆಂಬುದು ನಿಜ. ಸಂಬಂಧವು ಹುಟ್ಟಿದುದು ಅನಂತರದ ಬಳಕೆಯಿಂದ.

೫

ಒಂದು ದಿಕ್ಕಿನ ಪ್ರವಾಹವು ಬೇಕಾದಲ್ಲಿ ಪರ್ಯಾಯ ಪ್ರವಾಹವನ್ನು ಮಾರ್ಪಡಿಸುವ ಉಪಕರಣಕ್ಕೆ ರೆಕ್ಟಿಫೈಯರೆಂದು ಹೆಸರು. ಇದು ಪ್ರವಾಹವನ್ನು ಅಲೆಯಂತೆ ನಯವಾಗಿ ಸೆಳೆಯದೆ, ಅಲೆಯ ಯಾವುದೋ ಒಂದು ಭಾಗದಲ್ಲಿ ಮಾತ್ರ ತಟಕ್ಕನೆ ಕಿತ್ತುಕೊಳ್ಳುವುದು. ಒಬ್ಬರು ಬಾವಿಯಿಂದ ನೀರನ್ನು ಒಂದೇ ಸಮನೆ ಸೇದುತ್ತಿರುವಾಗ, ಇನ್ನೊಬ್ಬರು ಹಗ್ಗವನ್ನು ಜಗ್ಗಿ ಜಗ್ಗಿ ಬಿಡುವಂತೆ ಇದರ ವರ್ತನೆ. ಅಮೆರಿಕೆಯ ಕೂಪರ್ ಹೆವಿಟ್ ಎಂಬಾತನು ಪಾದರಸದ ರೆಕ್ಟಿಫೈಯರನ್ನು ನಿರ್ಮಿಸಿದುದು ಶಿವನಸಮುದ್ರದ ಶಕ್ತಿಯು ಹರಿದ ೧೯೦೨ರಲ್ಲಿಯೇ. ೧೯೩೮ರಲ್ಲಿ ಟ್ಯೂಬ್‌ಲೈಟು ಮಾರಾಟಕ್ಕೆ ಬಂದಿತು. ೧೯೫೭ರಲ್ಲಿ ಥೈರಿಸ್ಟರೆಂಬ ಘನವಸ್ತುವಿನ ಕೀಲಿಯು ಬಂದಿತು. ಅಲ್ಲಿಂದ ಮುಂದೆ ಪ್ರವಾಹವನ್ನು ಕತ್ತರಿಸಿ ಬಳಸುವ ವಿದ್ಯೆಯು ಕಾರ್ಖಾನೆಗಳಿಂದ ಕಛೇರಿಗಳಿಗೂ ಕಛೇರಿಗಳಿಂದ ಮನೆಗಳಿಗೂ ವ್ಯಾಪಿಸಿತು.

ಬೆಂಗಳೂರಿನ ಪೂರ್ವಭಾಗವು ಈ ಬದಲಾವಣೆಯ ಹಾದಿಯಲ್ಲಿಯೇ ಇದ್ದಿತು. ೧೯೪೭ನೆಯ ಇಸವಿ ಜುಲೈ ತಿಂಗಳಲ್ಲಿ ದಂಡಿನ ಪ್ರದೇಶವು ಮೈಸೂರು ಸಂಸ್ಥಾನಕ್ಕೆ ಮರಳಿ ಬಂದಿತು. ೧೯೪೯ರಲ್ಲಿ ಪೇಟೆ ಮತ್ತು ದಂಡಿನ ಮುನಿಸಿಪಾಲಿಟಿಗಳೆರಡೂ ಒಂದೇ ಕಾರ್ಪೊರೇಷನ್ ಆದುವು. ೧೯೪೮ರಲ್ಲಿ ಕೃಷ್ಣರಾಜಪುರದ ಬಳಿಯ ದೂರವಾಣಿನಗರದಲ್ಲಿ ಟೆಲಿಫೋನ್ ಕಾರ್ಖಾನೆಯೂ, ೧೯೫೬ರಲ್ಲಿ ಬೈಯಪ್ಪನಹಳ್ಳಿಯಲ್ಲಿ ಟ್ರಾನ್ಸ್‌ಫಾರ್ಮರು, ಮೋಟಾರುಗಳನ್ನು ಮಾಡುವ ಎನ್‌ಜಿಇಎಫ್ ಕಾರ್ಖಾನೆಯೂ ಹುಟ್ಟಿದುವು. ವಿದ್ಯುತ್ ಸಂಶೋಧನೆಗೆಂದು ಭಾರತ ಸರ್ಕಾರವು ೧೯೬೦ರಲ್ಲಿ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯನ್ನು ಬೆಂಗಳೂರಿನಲ್ಲಿ ಸ್ಥಾಪಿಸಿತು. ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕೆಯ ಕಂಪೆನಿಯು ಪುಲಿಕೇಶಿನಗರಕ್ಕೆ ಅನತಿದೂರದ ಮಿಲ್ಲರ್ಸ್ ರಸ್ತೆಯ ಕಟ್ಟಡದಲ್ಲಿ ತನ್ನ ಕಛೇರಿಯನ್ನು ತೆರೆಯಿತು. ಇದು ಹೆಸರಿಗೆ ಕಛೇರಿಯಾದರೂ ಅದರ ಕೆಲಸವೆಲ್ಲವೂ ಕಂಪ್ಯೂಟರುಗಳಿಂದ ನಡೆಯತಕ್ಕುದು. ಇಂತಹ ಕಛೇರಿಗಳು ಅನಂತರದ ದಶಕಗಳಲ್ಲಿ ಹಲಸೂರು, ಇಂದಿರಾನಗರಗಳನ್ನು ದಾಟಿ ಕೃಷ್ಣರಾಜಪುರ, ವೈಟ್‌ಫೀಲ್ಡುಗಳವರೆಗೂ ಹಬ್ಬಿದುವು.

ಕಂಪ್ಯೂಟರಿನ ಒಳಗೆ ಬೇಕಾದುದು ಏಕಮುಖ ಪ್ರವಾಹ. ಆದುದರಿಂದ ಪ್ರತಿಯೊಂದು ಕಂಪ್ಯೂಟರೂ ಒಂದು ಸಣ್ಣ ರೆಕ್ಟಿಫೈಯರು. ವಿದ್ಯುತ್ತಿನ ಅಭಾವದಿಂದ ಆಗಾಗ ಸರಬರಾಯಿ ನಿಲ್ಲುತ್ತಿದ್ದ ಕಾರಣ ಕಟ್ಟಡಕ್ಕೊಂದು ಯು.ಪಿ.ಎಸ್. ಬಂದಿತು; ಅದೂ ರೆಕ್ಟಿಫೈಯರೇ. ಲಿಫ್ಟುಗಳಿಗೂ ಹವಾನಿಯಂತ್ರಣದ ಪಂಪು, ಪಂಖಗಳಿಗೂ ವೇಗವನ್ನು ಏರಿಸಿಳಿಸುವ ಡ್ರೈವುಗಳು ಬಂದುವು. ಅವುಗಳ ಬಾಗಿಲಲ್ಲಿಯೂ ರೆಕ್ಟಿಫೈಯರೇ. ಡೀಸೆಲ್ ಜನರೇಟರುಗಳು ಬಂದುವು. ಇವುಗಳ ಆಂತರಿಕ ಅಡ್ಡಿಯು ಸರಬರಾಯಿ ಜಾಲದ ಅಡ್ಡಿಗಿಂತ ಹೆಚ್ಚಾದುದರಿಂದ, ಅದೇ ವಿಕೃತ ಪ್ರವಾಹವು ಜನರೇಟರಿನ ಮೇಲೆ ಬಿದ್ದಾಗ ಒತ್ತಡದ ಅಲೆಯು ಇನ್ನೂ ಹೆಚ್ಚು ಕೆಡುವುದು. ೨೦೦೧ರ ಶಕ್ತಿ ಸಂರಕ್ಷಣಾ ಕಾಯಿದೆಯ ತರುವಾಯ ಮಿತವ್ಯಯದ ದೃಷ್ಟಿಯು ಬಲವಾಗಿ, ತಂತಿಯ ದೀಪಗಳು ಹೋಗಿ ಎಲ್‌ಇಡಿ ದೀಪಗಳು ಬಂದುವು. ೨೦೧೧ನೆಯ ಇಸವಿ ಅಕ್ಟೋಬರ್ ೨೦ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಯವರೆಗೆ, ಇಂದಿರಾನಗರ, ಹಲಸೂರುಗಳ ಮೂಲಕ ಸಂಚಾರವನ್ನು ಪ್ರಾರಂಭಿಸಿದ ಮೆಟ್ರೋ ರೈಲು ಕೂಡ ೭೫೦ ವೋಲ್ಟುಗಳ ಏಕಮುಖ ಪ್ರವಾಹದಿಂದಲೇ ನಡೆಯುವುದು.

ಇಲ್ಲಿ ವಿಚಿತ್ರವಾದ ಸಂಗತಿಯೊಂದುಂಟು. ಡ್ರೈವಾಗಲಿ ಎಲ್‌ಇಡಿಯಾಗಲಿ ಶಕ್ತಿಯನ್ನು ಉಳಿಸುವ ಸಲುವಾಗಿಯೇ ಬಂದುವು, ಉಳಿಸಿಯೂ ಇರುವುವು. ಒಂದು ರೋಗಕ್ಕೆ ಕೊಟ್ಟ ಔಷಧವು ಇನ್ನೊಂದು ರೋಗವನ್ನು ಬೆಳೆಸಿತೆಂದು ಹೇಳಬೇಕಾಗಿದೆ. ಆದುದರಿಂದ ಈ ಉಪಕರಣಗಳನ್ನು ದೂರುವುದು ಯುಕ್ತವಲ್ಲ. ಅವುಗಳ ಜತೆಗೆ ಬರಬೇಕಾಗಿದ್ದ ಪಥ್ಯವು ಬಾರದೆ ಹೋದುದನ್ನು ದೂರಬೇಕು.

೬

ಪಥ್ಯವಿಲ್ಲದಿದ್ದರೆ ಆಗುವ ಹಾನಿಯನ್ನು ಮೂರು ದೃಷ್ಟಾಂತಗಳಿಂದ ತಿಳಿಸಬಹುದು.

ಮೊದಲನೆಯದು ನ್ಯೂಟ್ರಲ್ ತಂತಿ. ಮೂರು ಫೇಸುಗಳಲ್ಲಿ ಸಮನಾದ ಭಾರವಿದ್ದು ತರಂಗವು ಶುದ್ಧವಾಗಿದ್ದರೆ, ಮೂರರ ಪ್ರವಾಹಗಳೂ ಪರಸ್ಪರ ಕಳೆದು ನ್ಯೂಟ್ರಲಿನಲ್ಲಿ ಏನೂ ಉಳಿಯುವುದಿಲ್ಲ. ಈ ನಂಬಿಕೆಯಿಂದಲೇ ಹಿಂದಿನವರು ನ್ಯೂಟ್ರಲಿಗೆ ಇತರ ತಂತಿಗಳಿಗಿಂತ ತೆಳುವಾದುದನ್ನು ಹಾಕುವುದೂ ಇದ್ದಿತು. ಆದರೆ ಫೇಸುಗಳ ನಡುವಣ ಅಂತರವು ೧೨೦ ಅಂಶಗಳಾದುದರಿಂದ, ಮೂರನೆಯ ಉಪತರಂಗಕ್ಕೆ ಅದು ೩೬೦ ಅಂಶಗಳಾಗಿ, ಅಂದರೆ ಅಂತರವೇ ಇಲ್ಲದಂತಾಗಿ, ಮೂರು ಫೇಸುಗಳ ಮೂರನೆಯ ಉಪತರಂಗಗಳೂ ನ್ಯೂಟ್ರಲಿನಲ್ಲಿ ಕಳೆಯದೆ ಕೂಡಿಕೊಳ್ಳುವುವು. ಕಂಪ್ಯೂಟರುಗಳೂ ಸಣ್ಣ ದೀಪಗಳೂ ತುಂಬಿದ ಮಹಡಿಯಲ್ಲಿ ನ್ಯೂಟ್ರಲಿನ ಪ್ರವಾಹವು ಫೇಸಿನ ಪ್ರವಾಹದ ಶೇಕಡ ೧೭೩ರವರೆಗೆ ಏರಬಹುದೆಂದು ಗಣಿತದಿಂದ ಸಿದ್ಧವಾಗಿದೆ. ನ್ಯೂಟ್ರಲಿಗೆ ಸಾಮಾನ್ಯವಾಗಿ ಫ್ಯೂಸು ಇರುವುದಿಲ್ಲ. ಭಾರವು ಕಡಮೆಯಾಗಿದೆಯೆಂದು ಫೇಸಿನ ಮೀಟರು ಹೇಳುತ್ತಿರುವಾಗಲೇ, ಗೋಡೆಯ ಒಳಗಿನ ತಂತಿಯು ಕಾದು ಅದರ ಹೊದಿಕೆಯು ಕರಗುತ್ತಿರಬಹುದು. ಬೆಂಕಿಯ ಭಯವು ಇಲ್ಲಿರುವುದು.

ಎರಡನೆಯದು ಟ್ರಾನ್ಸ್‌ಫಾರ್ಮರು. ಅದರ ಸುರುಳಿಗಳಲ್ಲಿ ಸುಳಿಪ್ರವಾಹಗಳಿಂದ ಆಗುವ ನಷ್ಟವು ಉಪತರಂಗದ ಪ್ರಮಾಣದ ವರ್ಗವನ್ನೂ ಅದರ ಸಂಖ್ಯೆಯ ವರ್ಗವನ್ನೂ ಅನುಸರಿಸಿ ಏರುವುದು. ಆರು ಬಡಿತದ ಸಾಮಾನ್ಯ ರೆಕ್ಟಿಫೈಯರಿನಲ್ಲಿ ಐದನೆಯ ಉಪತರಂಗವು ಆದರ್ಶ ಲೆಕ್ಕದಂತೆ ಮೂಲದ ಐದನೆಯ ಒಂದು ಪಾಲು. ಐದನೆಯ ಒಂದರ ವರ್ಗವು ಇಪ್ಪತ್ತೈದನೆಯ ಒಂದು, ಐದರ ವರ್ಗವು ಇಪ್ಪತ್ತೈದು, ಗುಣಿಸಿದರೆ ಒಂದು. ಎಂದರೆ, ಮೂಲತರಂಗವು ಉಂಟುಮಾಡುವಷ್ಟೇ ಸುಳಿನಷ್ಟವನ್ನು ಅದರ ಐದನೆಯ ಒಂದು ಪಾಲಿನ ಈ ಉಪತರಂಗವೊಂದೇ ಉಂಟುಮಾಡುವುದು. ಹೀಗೆ ಕಾದ ಟ್ರಾನ್ಸ್‌ಫಾರ್ಮರಿನ ನಿರೋಧಕ ಕಾಗದವು ಬೇಗನೆ ಮುಪ್ಪಾಗುವುದು. ಪುಲಿಕೇಶಿನಗರದಂತಹ ಬೆರಕೆಯ ಬಡಾವಣೆಯಲ್ಲಿ ಅಂಗಡಿ, ಆಸ್ಪತ್ರೆ, ಮನೆಗಳು ಒತ್ತಿನಲ್ಲಿಯೇ ಇದ್ದು ಒಂದೇ ಟ್ರಾನ್ಸ್‌ಫಾರ್ಮರನ್ನು ಹಂಚಿಕೊಂಡಿರುವಲ್ಲಿ, ಕೆಡಿಸಿದವನು ಒಬ್ಬನಾದರೆ ಕತ್ತಲೆಯಲ್ಲಿ ಕೂರುವವರು ಹಲವರು.

ಮೂರನೆಯದು ಎಲ್ಲಕ್ಕಿಂತ ಮೋಸದ್ದು. ಪವರ್ ಫ್ಯಾಕ್ಟರ್ ಕುಸಿದರೆ ದಂಡ ತೆರಬೇಕಾಗುವುದರಿಂದ ದೊಡ್ಡ ಕಟ್ಟಡಗಳಲ್ಲಿ ಕೆಪಾಸಿಟರುಗಳನ್ನು ಇಡುವರು. ಕೆಪಾಸಿಟರೂ ಟ್ರಾನ್ಸ್‌ಫಾರ್ಮರೂ ಸೇರಿದರೆ ಅವುಗಳಿಗೆ ತಮ್ಮದೇ ಆದ ಒಂದು ಶ್ರುತಿಯುಂಟಾಗುವುದು. ಉದಾಹರಣೆಗೆ, ೧೦೦೦ ಕೆವಿಎ ಸಾಮರ್ಥ್ಯವೂ ಶೇಕಡ ೫ರ ಆಂತರಿಕ ಅಡ್ಡಿಯೂ ಇರುವ ಟ್ರಾನ್ಸ್‌ಫಾರ್ಮರನ್ನು ತೆಗೆದುಕೊಳ್ಳೋಣ. ಅದರ ಷಾರ್ಟ್ ಸರ್ಕ್ಯೂಟ್ ಸಾಮರ್ಥ್ಯವು ೨೦,೦೦೦ ಕೆವಿಎ. ಇದಕ್ಕೆ ೪೦೦ ಕೆವಿಎಆರ್ ಕೆಪಾಸಿಟರನ್ನು ಜೋಡಿಸಿದರೆ, ೨೦,೦೦೦ವನ್ನು ೪೦೦ರಿಂದ ಭಾಗಿಸಿ ವರ್ಗಮೂಲವನ್ನು ತೆಗೆಯಲು ಸುಮಾರು ೭ ಬರುವುದು. ೮೦೦ ಕೆವಿಎಆರ್ ಜೋಡಿಸಿದರೆ ಸರಿಯಾಗಿ ೫ ಬರುವುದು. ಅಂದರೆ ಸ್ವಯಂಚಾಲಿತ ಫಲಕವು ಕೆಪಾಸಿಟರುಗಳನ್ನು ಒಂದೊಂದಾಗಿ ಸೇರಿಸುತ್ತ ಹೋದಂತೆ, ಕಟ್ಟಡದ ಶ್ರುತಿಯು ಮೊದಲು ಏಳನೆಯ ಉಪತರಂಗಕ್ಕೂ ಅನಂತರ ಐದನೆಯದಕ್ಕೂ ಕೂಡಿಬರುವುದು. ಆಗ ಅಲ್ಲಿಯೇ ಹುಟ್ಟುತ್ತಿರುವ ಅಲ್ಪ ಉಪತರಂಗವು ಅನುರಣನದಿಂದ ಅನೇಕ ಪಾಲು ಬಲಿತು ಕೆಪಾಸಿಟರನ್ನು ಒಡೆಯಬಹುದು. ಹಾರ್ಟ್‌ಫರ್ಡಿನಲ್ಲಿ ತಂತಿಮಾರ್ಗವು ಮಾಡಿದ ಕೆಲಸವನ್ನು ಇಲ್ಲಿ ಕಟ್ಟಡದ ನೆಲಮಾಳಿಗೆಯು ಮಾಡುವುದು, ಇಷ್ಟೇ ವ್ಯತ್ಯಾಸ.

೭

ಪರಿಹಾರೋಪಾಯಗಳು ಹಲವಿವೆ. ಅವುಗಳನ್ನು ಅಗ್ಗದ ಕ್ರಮದಲ್ಲಿ ಹೇಳುವುದು ಲೇಸು.

ಕಟ್ಟಡದ ನಕ್ಷೆಯ ಕಾಲದಲ್ಲಿಯೇ ಮಾಡತಕ್ಕ ಕೆಲಸಗಳಿಗೆ ವೆಚ್ಚವು ಅತ್ಯಲ್ಪ. ನ್ಯೂಟ್ರಲಿಗೆ ಫೇಸಿಗಿಂತ ದಪ್ಪನಾದ ತಂತಿಯನ್ನು ಹಾಕುವುದು, ಕಂಪ್ಯೂಟರುಗಳ ಸಾಲನ್ನೂ ಲಿಫ್ಟು, ಪಂಪುಗಳ ಸಾಲನ್ನೂ ಬೇರ್ಪಡಿಸುವುದು, ಡ್ರೈವುಗಳ ಮುಂದೆ ಚೋಕ್ ಎಂಬ ತಂತಿಸುರುಳಿಯನ್ನು ಇಡುವುದು ಈ ವರ್ಗಕ್ಕೆ ಸೇರಿದುವು. ಚೋಕು ಪ್ರವಾಹದ ಜಗ್ಗಾಟವನ್ನು ಹದಮಾಡಿ ಮುಳ್ಳನ್ನು ಮೊಂಡಾಗಿಸುವುದು.

ಕೆಪಾಸಿಟರುಗಳ ವಿಷಯದಲ್ಲಿ, ಪ್ರತಿಯೊಂದಕ್ಕೂ ಸಾಲಾಗಿ ಒಂದು ರಿಯಾಕ್ಟರನ್ನು ಕೂಡಿಸುವುದು ಪ್ರಶಸ್ತವಾದ ಪದ್ಧತಿ. ಶೇಕಡ ೭ರ ರಿಯಾಕ್ಟರನ್ನು ಕೂಡಿಸಿದರೆ ಆ ಜೋಡಿಯ ಶ್ರುತಿಯು ೧೮೯ ಆವರ್ತಗಳಿಗೆ ಇಳಿಯುವುದು. ಐದನೆಯ ಉಪತರಂಗವಾದ ೨೫೦ಕ್ಕಾಗಲಿ ಏಳನೆಯದಾದ ೩೫೦ಕ್ಕಾಗಲಿ ಅದು ಆಮೇಲೆ ದನಿಗೂಡಿಸದು. ಮೂರನೆಯದರ ಪೀಡೆಯು ಹೆಚ್ಚಾಗಿರುವಲ್ಲಿ ಶೇಕಡ ೧೪ರ ರಿಯಾಕ್ಟರನ್ನು ಕೂಡಿಸಿ ಶ್ರುತಿಯನ್ನು ೧೩೪ಕ್ಕೆ, ಎಂದರೆ ೧೫೦ರ ಕೆಳಕ್ಕೆ, ಇಳಿಸುವರು. ರಿಯಾಕ್ಟರಿಲ್ಲದ ಕೆಪಾಸಿಟರನ್ನು ಡ್ರೈವುಗಳು ತುಂಬಿದ ಕಟ್ಟಡದಲ್ಲಿ ಇಡುವುದು ವಿವೇಕವಲ್ಲ.

ಹಳೆಯ ಟ್ರಾನ್ಸ್‌ಫಾರ್ಮರ್ ವಿದ್ಯೆಯಿಂದ ಬಂದ ಉಪಾಯವೂ ಒಂದುಂಟು. ನಕ್ಷತ್ರಾಕಾರದ ಜೋಡಣೆಗೂ ತ್ರಿಕೋಣಾಕಾರದ ಜೋಡಣೆಗೂ ೩೦ ಅಂಶಗಳ ಅಂತರವಿರುವುದರಿಂದ, ರೆಕ್ಟಿಫೈಯರುಗಳಲ್ಲಿ ಅರ್ಧವನ್ನು ಒಂದರಿಂದಲೂ ಉಳಿದರ್ಧವನ್ನು ಇನ್ನೊಂದರಿಂದಲೂ ನಡೆಸಿದರೆ, ಎರಡರ ಐದನೆಯ ಮತ್ತು ಏಳನೆಯ ಉಪತರಂಗಗಳು ಒಂದನ್ನೊಂದು ಕಳೆದುಕೊಳ್ಳುವುವು. ಹನ್ನೊಂದನೆಯದೂ ಹದಿಮೂರನೆಯದೂ ಮಾತ್ರ ಉಳಿಯುವುವು; ಅವು ಬಲದಲ್ಲಿ ಕಡಮೆ. ಇದಕ್ಕೆ ಹನ್ನೆರಡು ಬಡಿತದ ಪದ್ಧತಿಯೆಂದು ಹೆಸರು. ದೊಡ್ಡ ಯು.ಪಿ.ಎಸ್.ಗಳಲ್ಲಿಯೂ ವಿದ್ಯುತ್ ರೈಲಿನ ಉಪಕೇಂದ್ರಗಳಲ್ಲಿಯೂ ಇದು ಪ್ರಸಿದ್ಧವಾಗಿದೆ.

ಕೊನೆಯದು ಸಕ್ರಿಯ ಶೋಧಕ. ಜಪಾನಿನ ಸಸಾಕಿ ಮತ್ತು ಮಚಿದಾ ಎಂಬವರು ೧೯೭೧ರಲ್ಲಿ ಸೂಚಿಸಿ, ೧೯೭೬ರಲ್ಲಿ ಜುಗ್ಯಿ ಮತ್ತು ಸ್ಟ್ರಿಕುಲಾ ಎಂಬವರು ಬೆಳೆಸಿ, ೧೯೮೦ರ ದಶಕದಲ್ಲಿ ಅಕಾಗಿ ಮತ್ತು ಅವರ ಸಂಗಡಿಗರು ಗಣಿತದ ಭದ್ರವಾದ ತಳಹದಿಯನ್ನು ಕಟ್ಟಿಕೊಟ್ಟ ಉಪಕರಣವಿದು. ಪ್ರವಾಹದಲ್ಲಿರುವ ಉಪತರಂಗಗಳನ್ನು ಕ್ಷಣಕ್ಷಣವೂ ಅಳೆದು, ಅವುಗಳಿಗೆ ನೇರ ವಿರುದ್ಧವಾದುವನ್ನು ತಾನೇ ಹುಟ್ಟಿಸಿ ಸುರಿದು ಶೂನ್ಯಗೊಳಿಸುವುದು ಇದರ ಕ್ರಮ. ಭಾರವು ಹೊತ್ತುಹೊತ್ತಿಗೆ ಬದಲಾಗುವ ವಾಣಿಜ್ಯ ಕಟ್ಟಡಗಳಿಗೆ ಇದು ಬಹಳ ಒಪ್ಪುವುದು. ಆದರೆ ಬೆಲೆಯು ಹೆಚ್ಚು. ಅಗ್ಗದ ಉಪಾಯಗಳನ್ನು ಮೊದಲು ಮಾಡಿ ಉಳಿದ ವಿಕೃತಿಗೆ ಮಾತ್ರ ಇದನ್ನು ಬಳಸುವುದು ಉಚಿತ.

೮

ಹೊಣೆಯ ವಿಷಯದಲ್ಲಿ ಶಾಸನವು ಏನು ಹೇಳುವುದೆಂಬುದು ಕಡೆಯ ವಿಚಾರ. ಅಮೆರಿಕೆಯ ವಿದ್ಯುತ್ ಇಂಜಿನಿಯರುಗಳ ಸಂಸ್ಥೆಯು ೧೯೮೧ರಲ್ಲಿ ೫೧೯ನೆಯ ಸಂಖ್ಯೆಯ ಮಾರ್ಗದರ್ಶಿಯನ್ನು ಹೊರಡಿಸಿತು. ೧೯೯೨ರಲ್ಲಿ ಅದನ್ನು ಪರಿಷ್ಕರಿಸಿದಾಗ ಹೊಣೆಯು ಸ್ಪಷ್ಟವಾಗಿ ವಿಭಾಗವಾಯಿತು: ಒತ್ತಡದ ಶುದ್ಧಿಯು ಸರಬರಾಯಿ ಮಾಡುವವನ ಭಾರ, ಪ್ರವಾಹದ ಶುದ್ಧಿಯು ಬಳಸುವವನ ಭಾರ, ಅಳತೆಯು ಇಬ್ಬರೂ ಸಂಧಿಸುವ ಸ್ಥಾನದಲ್ಲಿ. ೨೦೧೪ರಲ್ಲಿಯೂ ೨೦೨೨ರಲ್ಲಿಯೂ ಇದು ಮತ್ತೆ ಪರಿಷ್ಕಾರವಾಯಿತು. ನಮ್ಮ ದೇಶದಲ್ಲಿ ೨೦೦೩ರ ವಿದ್ಯುಚ್ಛಕ್ತಿ ಕಾಯಿದೆಯ ಮೇರೆಗೆ ಕೇಂದ್ರೀಯ ವಿದ್ಯುತ್ ಪ್ರಾಧಿಕಾರವು ೨೦೦೭ರಲ್ಲಿ ಹೊರಡಿಸಿದ ನಿಬಂಧನೆಗಳಲ್ಲಿ, ಜೋಡಣೆಯ ಸ್ಥಾನದಲ್ಲಿ ಒತ್ತಡದ ಒಟ್ಟು ವಿಕೃತಿಯು ಶೇಕಡ ೫ನ್ನೂ, ಯಾವುದೊಂದು ಉಪತರಂಗವೂ ಶೇಕಡ ೩ನ್ನೂ, ಪ್ರವಾಹದ ಒಟ್ಟು ವಿಕೃತಿಯು ಶೇಕಡ ೮ನ್ನೂ ಮೀರಕೂಡದೆಂದು ವಿಧಿಸಲಾಯಿತು. ಶಿವನಸಮುದ್ರದ ಕಾಲಕ್ಕೂ ಈ ಕಾಲಕ್ಕೂ ನಡುವಣ ನೂರು ವರ್ಷಗಳ ಬದಲಾವಣೆಯು ಈ ಅಂಕೆಗಳಲ್ಲಿ ಅಡಗಿದೆ.

ಆದರೆ ಇಂತಹ ವಿಧಿಗಳ ಕಣ್ಣು ಬೀಳುವುದು ದೊಡ್ಡ ಪ್ರಮಾಣದ ಬಳಕೆದಾರರ ಮೇಲೆ. ಅನೇಕ ಸಣ್ಣ ಅಂಗಡಿಗಳು ಸೇರಿ ಒಂದು ದೊಡ್ಡ ಕಟ್ಟಡದಷ್ಟೇ ವಿಕೃತಿಯನ್ನು ಉಂಟುಮಾಡುವ ಬೀದಿಗಳಲ್ಲಿ ಯಾರೊಬ್ಬನೂ ಅಪರಾಧಿಯಲ್ಲ, ಎಲ್ಲರೂ ಪಾಲುದಾರರು. ಅಲ್ಲಿ ಉಪಕರಣವು ಕಾರ್ಖಾನೆಯಿಂದ ಹೊರಡುವಾಗಲೇ ಶುದ್ಧವಾಗಿರಬೇಕಲ್ಲದೆ ಬೇರೆ ದಾರಿಯಿಲ್ಲ. ದೊಡ್ಡ ಕಟ್ಟಡದ ಯಜಮಾನನಿಗೆ ಈ ನೆಪವು ಸಲ್ಲದು. ಅವನಿಗೆ ಅಳೆಯುವ ಸಾಧನವೂ ಇದೆ, ಸರಿಪಡಿಸುವ ಉಪಾಯವೂ ಇದೆ, ಸರಿಪಡಿಸಿದರೆ ಅವನ ಸ್ವಂತ ತಂತಿ, ಟ್ರಾನ್ಸ್‌ಫಾರ್ಮರು, ಕೆಪಾಸಿಟರುಗಳೇ ಮೊದಲು ಉಳಿಯುವುವು. ಕಟ್ಟಡದ ಬಾಗಿಲಲ್ಲಿ ಉಪತರಂಗಗಳ ಅಳತೆಯನ್ನು ನಿಯತವಾಗಿ ತೆಗೆದು, ಮಳೆಯ ಲೆಕ್ಕವನ್ನಿಡುವಂತೆ ವರ್ಷವರ್ಷವೂ ಬರೆದಿಡುವ ಪದ್ಧತಿಯು ಬಂದರೆ, ಇಂಜಿನಿಯರರಿಗೂ ಮುಂದಿನ ಚರಿತ್ರಕಾರರಿಗೂ ಸಮಾನವಾಗಿ ಉಪಕಾರವಾಗುವುದು.

ದಂಡಿನ ಜನರು ಪ್ಲೇಗಿನಿಂದ ಕಲಿತ ಪಾಠವನ್ನು ಈಗ ವಿದ್ಯುತ್ತಿಗೆ ಅನ್ವಯಿಸಿಕೊಳ್ಳಬೇಕಾಗಿದೆ. ತನ್ನ ಮನೆಯ ಕೊಳೆಯನ್ನು ನೆರೆಯವನ ಅಂಗಳಕ್ಕೆ ಹರಿಯಬಿಡಬಾರದೆಂಬ ಕಟ್ಟಳೆಯ ಮೇಲೆ ಫ್ರೇಸರ್ ಟೌನು ನಿರ್ಮಿತವಾಯಿತು. ತಂತಿಯಲ್ಲಿ ಹರಿಯುವ ಕೊಳೆಯು ಕಣ್ಣಿಗೆ ಕಾಣದು, ಮೂಗಿಗೆ ನಾರದು. ಆದರೂ ಅದು ಹರಿಯುವುದು ನೆರೆಯವನ ಕಡೆಗೇ. ಅದನ್ನು ಹುಟ್ಟಿದಲ್ಲಿಯೇ ತಡೆಯುವುದು ಕಟ್ಟಡವನ್ನು ಕಟ್ಟಿಸಿದವರ ಕರ್ತವ್ಯ. ತಡೆದಿರುವರೇ ಎಂದು ನೋಡುವುದು ಸರಬರಾಯಿ ಮಾಡುವ ಸಂಸ್ಥೆಯ ಕರ್ತವ್ಯ.